ಅಕ್ಕಿ ಇಲ್ಲದ ಇಡ್ಲಿ

ಧಾರವಾಡದಿಂದ ಯಾರರ ಬೆಂಗಳೂರಿಗೆ ಬಂದ್ರ ನಾ ಮೊದಲ ಮುಂಜಾನೆದ್ದು ಲಾಲಬಾಗಿಗೆ ಕರಕೊಂಡು ಹೋಗ್ತೀನಿ. 1760ರಾಗ ಹೈದರಾಲಿ ಹಾಕಿಸಿದ ತೋಟ ಅದು. ಅಲ್ಲೆ ಬಂಡಿಗಲ್ಲಿನ ಮ್ಯಾಲಿರೋ ಕೆಂಪೇಗೌಡರ ಗೋಪುರ ಅದಕ್ಕಿಂತನೂ ಹಳೇದು. ಅಡ್ಡಾಡಿ ಹಸಿವಿ ಆತಂದ್ರ ಹತ್ತರನ ಎಂ.ಟಿ.ಆರ್. ಅದ, 1924ರಾಗ ಶುರುವಾದ ಹೋಟೆಲ್ಲು.

ಹೋದ ಸಲ ನಮ್ಮ ಅತ್ತಿಯವರು ಬಂದಿದ್ರು. ರವಾ ಇಡ್ಲಿ ತರಿಸಿದೆ. "ಅಕ್ಕಿ ಇಲ್ಲದ್ದು ಎಂಥಾ ಇಡ್ಲಿನವಾ?" ಅಂತ ಪ್ಲೇಟು ಸರಿಸಿಬಿಟ್ರು.

"ಎರಡನೇ ಮಹಾಯುದ್ಧದಾಗ, 1942ರಾಗ, ಜಪಾನದವರು ಬರ್ಮಾ ಹಿಡದ್ರು ನೋಡ್ರಿ ಅತ್ಯಾ. ಅಲ್ಲಿಂದ ಬರೋ ಅಕ್ಕಿ ನಿಂತು ಇಲ್ಲೆ ಅಕ್ಕಿ ಸಿಗೋದ ಕಷ್ಟ ಆತು. ಆವಾಗ ಇದ ಹೋಟೆಲಿನವರು ರವಾದಾಗ ಇಡ್ಲಿ ಮಾಡಿ ನೋಡಿದ್ರಂತ" ಅಂದೆ.

ಅತ್ತಿ ಒಂದೀಟು ಹೊತ್ತು ಸುಮ್ಮನ ಕೂತ್ರು. ಆಮ್ಯಾಲೆ ಅಂದ್ರು, "ನಾ ಸಣ್ಣಾಕಿ ಇದ್ದಾಗ ಮನ್ಯಾಗ ಅಕ್ಕಿ ತೀರಿದ್ರ ನಮ್ಮವ್ವ ಜೋಳದ ನುಚ್ಚು ಮಾಡಿ, 'ಇವತ್ತ ಬಾಯಿರುಚಿಗೆ ಇದು' ಅಂತ ಬಡಸ್ತಿದ್ಲು. ಅಕ್ಕಿ ಇಲ್ಲಂತ ಎಂದೂ ಹೇಳಲಿಲ್ಲ."

ಪ್ಲೇಟು ತಾವ ಎಳಕೊಂಡ್ರು. ತುಪ್ಪ ಹಾಕ್ಕೊಂಡು ಪೂರಾ ತಿಂದ್ರು. ಈಗ ಊರಾಗ ಬೆಂಗಳೂರಿಗೆ ಹೊಂಟವರಿಗೆಲ್ಲಾ ಅವರೇ ಹೇಳ್ತಾರ: "ಅಕ್ಕಿ ಇಲ್ಲದ ಇಡ್ಲಿ ತಿಂದು ಬರ್ರಿ."