ವರ್ಗಾವಣೆಯ ಚಿತ್ರಗಳು

ಕೇಂದ್ರ ಸರ್ಕಾರದ ನೌಕರರಾದ ನಮ್ಮಂಥವರಿಗೆ ‘ಟ್ರಾನ್ಸ್‌ಫರ್’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಮಕ್ಕಳ ಶಾಲೆ, ಗ್ಯಾಸಿನ ಸಿಲಿಂಡರು, ಕ್ವಾರ್ಟರ್ಸಿನ ಬೀಗದ ಕೈ ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆದರೆ ಈಗ ನಾವು ಹೇಳಹೊರಟಿರುವ ಟ್ರಾನ್ಸ್‌ಫರ್ ಬೇರೆ. ಕಾಗದದ ಮೇಲೆ ಅಚ್ಚಾದ ಚಿತ್ರವೊಂದು ಆ ಕಾಗದವನ್ನು ತೊರೆದು ಇನ್ನೊಂದು ವಸ್ತುವಿನ ಮೈಮೇಲೆ ನೆಲೆಸುವುದಕ್ಕೂ ಇದೇ ಹೆಸರು. ಪುಟ್ಟ ವಿಮಾನ, ಹಡಗು, ರೈಲುಗಳ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳು ಅದನ್ನು ಡಿಕಾಲ್ ಎನ್ನುತ್ತಾರೆ.

ಇದು ನಮಗೆ ಸಂಬಂಧವಿಲ್ಲದ ವಿಷಯವೆಂದು ಓದುಗರು ಪುಟ ಮಗುಚಬಾರದು. ನಿಮ್ಮ ಮನೆಯಲ್ಲಿ ತಾಯಿಯ ಕಾಲದ ಹೊಲಿಗೆ ಯಂತ್ರವಿದ್ದರೆ ಅದರ ಕಪ್ಪು ಮೈಯನ್ನು ಒಮ್ಮೆ ನೋಡಿ. ಅಲ್ಲಿ ಹೊಳೆಯುವ ಚಿನ್ನದ ಬಣ್ಣದ ಬಳ್ಳಿಯನ್ನು ಯಾರೂ ಕುಂಚ ಹಿಡಿದು ಬರೆದದ್ದಲ್ಲ. ಅದು ಕಾಗದದಿಂದ ವರ್ಗಾವಣೆಯಾಗಿ ಬಂದದ್ದು. ತಾಯಿಯ ಬಲಗೈ ಸದಾ ಒರಗುತ್ತಿದ್ದ ಜಾಗದಲ್ಲಿ ಮಾತ್ರ ಆ ಬಳ್ಳಿ ಸವೆದು ಹೋಗಿರುತ್ತದೆ.

ಈ ವಿದ್ಯೆಯ ಮೂಲವನ್ನು ಹುಡುಕಿದರೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಆಗ ಪಿಂಗಾಣಿ ಪಾತ್ರೆಗಳ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಬರೆಯಬೇಕಿತ್ತು. 1750ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಬಳಿಯ ಬ್ಯಾಟರ್‌ಸೀ, ಲಿವರ್‌ಪೂಲ್ ಈ ಮೂರು ಕಡೆಗಳಲ್ಲಿ ಹೊಸ ಉಪಾಯವೊಂದು ರೂಢಿಗೆ ಬಂತು. ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ, ಅದಕ್ಕೆ ಮಸಿ ತುಂಬಿ, ತೆಳು ಕಾಗದದ ಮೇಲೆ ಅಚ್ಚೊತ್ತಿ, ಮಸಿ ಆರುವ ಮುನ್ನವೇ ಆ ಕಾಗದವನ್ನು ಪಾತ್ರೆಗೆ ಒತ್ತಿ ಚಿತ್ರವನ್ನು ಇಳಿಸುವುದೇ ಆ ಉಪಾಯ. ಲಿವರ್‌ಪೂಲಿನ ಮುದ್ರಕ ಜಾನ್ ಸ್ಯಾಡ್ಲರ್, ತಾನು ಎಸೆದ ಕೆಟ್ಟ ಅಚ್ಚುಗಳನ್ನು ಮಕ್ಕಳು ಒಡೆದ ಪಿಂಗಾಣಿ ಚೂರುಗಳಿಗೆ ಮೆತ್ತಿ ಆಡುವುದನ್ನು ಕಂಡು ಈ ಯುಕ್ತಿಯನ್ನು ಹೊಳೆಯಿಸಿಕೊಂಡನೆಂದು ಒಂದು ಐತಿಹ್ಯವಿದೆ. ಐತಿಹ್ಯವೇನೇ ಇರಲಿ, 1756ರಲ್ಲಿ ಅವನೂ ಅವನ ಪಾಲುದಾರ ಗೈ ಗ್ರೀನನೂ ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಪಿಂಗಾಣಿ ಬಿಲ್ಲೆಗಳಿಗೆ ಚಿತ್ರ ಅಚ್ಚೊತ್ತಿದ್ದಾಗಿ ಪ್ರಮಾಣಪತ್ರ ಬರೆದುಕೊಟ್ಟದ್ದು ದಾಖಲೆಯಲ್ಲಿದೆ. ನೂರು ಕುಶಲಕರ್ಮಿಗಳ ಕೆಲಸವನ್ನು ಇಬ್ಬರೇ ಮಾಡಿದ್ದಾಗಿ ಅವರ ಹೆಮ್ಮೆ. ಕೆಲಸ ಕಳೆದುಕೊಂಡ ಕುಂಚದವರ ಮಾತು ಯಾವ ದಾಖಲೆಗೂ ಸೇರಲಿಲ್ಲ.

ಆ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಲ್ಲಚ್ಚಿನ ಮುದ್ರಣವನ್ನು ಕಂಡುಹಿಡಿದ ಮೇಲೆ ಬಣ್ಣಬಣ್ಣದ ಚಿತ್ರಗಳನ್ನು ಅಗ್ಗವಾಗಿ ಅಚ್ಚು ಮಾಡುವುದು ಕ್ರಮೇಣ ಸಾಧ್ಯವಾಯಿತು. 1860ರ ದಶಕದಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಹೂದಾನಿಗೆ, ಪೆಟ್ಟಿಗೆಗೆ, ಬೀಸಣಿಗೆಗೆ ಇಂಥ ಚಿತ್ರಗಳನ್ನು ಅಂಟಿಸುವ ಗೀಳೇ ಹಬ್ಬಿತು. ಫ್ರೆಂಚರು ಅದಕ್ಕೆ ‘ಡೆಕಾಲ್ಕೊಮಾನಿ’ ಎಂದು ಹೆಸರಿಟ್ಟಿದ್ದರು, ಅಂದರೆ ನಕಲಿಳಿಸುವ ಹುಚ್ಚು. ಡಿಕಾಲ್ ಎಂಬುದು ಆ ಉದ್ದ ಹೆಸರಿನ ತುಂಡು. ಹುಚ್ಚು ಇಳಿಯಿತು, ಕಸುಬು ಉಳಿಯಿತು. ಹೊಲಿಗೆ ಯಂತ್ರ, ಬೈಸಿಕಲ್ಲು, ತೂಕದ ಯಂತ್ರ ಎಲ್ಲಕ್ಕೂ ತಯಾರಕರ ಹೆಸರು ಹೀಗೆಯೇ ಏರಿತು. ಸಿಂಗರ್ ಯಂತ್ರಗಳ ಮೇಲೆ ಈಜಿಪ್ಟಿನ ಸಿಂಹನಾರಿಯ ಚಿತ್ರ ಲೋಕವೆಲ್ಲ ಸುತ್ತಿದ್ದೂ ಹೀಗೆಯೇ.

ಇನ್ನು ನಮ್ಮ ಪುಟ್ಟ ವಿಮಾನಗಳ ವಿಚಾರ. 1932ರಲ್ಲಿ ಇಂಗ್ಲೆಂಡಿನಲ್ಲಿ ಸ್ಕೈಬರ್ಡ್ಸ್ ಎಂಬ ಹೆಸರಿನ ಮರದ ಮಾದರಿಗಳು ಬಂದವು. ಆರಡಿ ಎತ್ತರದ ಮನುಷ್ಯ ಒಂದೇ ಅಂಗುಲವಾಗುವ ಅಳತೆ ಅವುಗಳದು. ಆರಡಿಗೆ 72 ಅಂಗುಲವಾದ್ದರಿಂದ 72ರಲ್ಲಿ ಒಂದು ಪಾಲೆಂಬ ಅಳತೆ ರೂಢಿಯಾಯಿತು. 1936ರಲ್ಲಿ ಫ್ರಾಗ್ ಸಂಸ್ಥೆಯ ಪ್ಲಾಸ್ಟಿಕ್ ಮಾದರಿಗಳೂ 1953ರಲ್ಲಿ ಏರ್‌ಫಿಕ್ಸ್ ಸಂಸ್ಥೆಯ ಸ್ಪಿಟ್‌ಫೈರ್ ವಿಮಾನವೂ ಅದೇ ಹಾದಿ ಹಿಡಿದವು. ಬಿಡಿಭಾಗಗಳ ಜೊತೆಗೆ ಪೆಟ್ಟಿಗೆಯಲ್ಲಿ ಅಂಗೈಯಗಲದ ಒಂದು ಹಾಳೆ. ವಾಯುಸೇನೆಯ ಚಿಹ್ನೆ, ಸಂಖ್ಯೆ, ಅಕ್ಷರ ಎಲ್ಲವೂ ಅದರಲ್ಲಿ.

ಈ ಹಾಳೆಯ ಗುಟ್ಟು ಬಿ.ಎಸ್ಸಿ.ಯ ಮೊದಲ ವರ್ಷದ ರಸಾಯನಶಾಸ್ತ್ರಕ್ಕಿಂತ ಕಠಿಣವಾದುದಲ್ಲ. ಕೆಳಗೆ ನೀರು ಹೀರುವ ಕಾಗದ, ಅದರ ಮೇಲೆ ಪಿಷ್ಟದಿಂದ ಮಾಡಿದ ಗೋಂದಿನ ಪದರ, ಅದರ ಮೇಲೆ ವಾರ್ನಿಷಿನ ತೆಳು ಪೊರೆ, ಆ ಪೊರೆಯಲ್ಲಿ ಬಣ್ಣ. ಗೋಂದು ನೀರಿನಲ್ಲಿ ಕರಗುತ್ತದೆ, ವಾರ್ನಿಷು ಕರಗುವುದಿಲ್ಲ. ಅರ್ಧ ನಿಮಿಷ ನೀರಿನಲ್ಲಿ ಅದ್ದಿ ತೆಗೆದರೆ ಚಿತ್ರ ಜಾರಿ ಬರುತ್ತದೆ. ಅಳಿದುಳಿದ ಗೋಂದೇ ಅದನ್ನು ಹೊಸ ಜಾಗದಲ್ಲಿ ಹಿಡಿಯುತ್ತದೆ.

ಹೀಗೆ ನೀರಿಗಾಗಿಯೇ ಹುಟ್ಟಿದ ವಸ್ತುವಿಗೆ ನೀರೇ ದೊಡ್ಡ ಶತ್ರು. ಗಾಳಿಯ ತೇವಕ್ಕೆ ಗೋಂದು ಮೆತ್ತಗಾಗಿ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಒಣಗಾಳಿಯಲ್ಲಿ ಕಾಗದ ಸುರುಳಿಯಾಗಿ ಪೊರೆ ಬಿರಿಯುತ್ತದೆ. ವರ್ಷ ಕಳೆದಂತೆ ವಾರ್ನಿಷು ಹಳದಿಗೆ ತಿರುಗಿ ಬಿಳಿಯೆಲ್ಲ ಕೆನೆಯ ಬಣ್ಣವಾಗುತ್ತದೆ.

ಒಂದು ಹಾಳೆ ಹೋದರೆ ಲೋಕ ಮುಳುಗುತ್ತದೆಯೇ ಎಂದು ಕೇಳಬಹುದು. ಉತ್ತರಕ್ಕೆ ನಮ್ಮ ಬೆಂಗಳೂರಿನ ಕಥೆಯೊಂದನ್ನೇ ಹೇಳಬೇಕು.

ಭಾರತೀಯ ವಾಯುಸೇನೆ 1932ರಲ್ಲಿ ಹುಟ್ಟಿದಾಗ ಅದರ ವಿಮಾನಗಳ ಮೇಲಿದ್ದದ್ದು ಬ್ರಿಟಿಷರ ನೀಲಿ, ಬಿಳಿ, ಕೆಂಪು ವರ್ತುಲ. 1942ರಲ್ಲಿ ಜಪಾನಿನೊಡನೆ ಬರ್ಮಾ ಗಡಿಯಲ್ಲಿ ಯುದ್ಧ ನಡೆಯುತ್ತಿದ್ದಾಗ ನಡುವಿನ ಆ ಕೆಂಪು ಅಪಾಯಕಾರಿಯಾಯಿತು. ಜಪಾನೀಯರ ಗುರುತೂ ಕೆಂಪು ಸೂರ್ಯನೇ ಆದ್ದರಿಂದ ತಮ್ಮವರ ಗುಂಡಿಗೆ ತಮ್ಮವರೇ ಗುರಿಯಾಗುವ ಭಯ. ಕೆಂಪನ್ನು ತೆಗೆದು ಎರಡು ಬಗೆಯ ನೀಲಿಯನ್ನು ಬಳಿದರು. ಅಮೆರಿಕನ್ನರೂ ಅದೇ ವರ್ಷ ತಮ್ಮ ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ಅಳಿಸಿದರು. 1943ರಲ್ಲಿ ನಕ್ಷತ್ರದ ಅಕ್ಕಪಕ್ಕಕ್ಕೆ ಬಿಳಿ ಪಟ್ಟಿ ಸೇರಿಸಿದರು. ಅದೇ 1943ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಯಿತು. ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ್ದ ಕಾರ್ಖಾನೆ ಅದು. ಯುದ್ಧ ಮುಗಿಯುವವರೆಗೂ ಅಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೆಯಿತು.

ಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರುಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದರು. ಇನ್ನೊಬ್ಬರು ಹಾರಿಸದಂತೆ ಬೇಕೆಂದೇ ಕೆಡಿಸಿ ಹೋದರು. ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವ ಸ್ಥಿತಿಗೆ ತಂದು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿಯಾಗಿ 1948ರಿಂದ ಅವು ನಮ್ಮ ವಾಯುಸೇನೆಯನ್ನು ಸೇರಿದವು. ಒಟ್ಟು ನಲವತ್ತಕ್ಕೂ ಹೆಚ್ಚು. ಆಗ ಬಳಕೆಯಲ್ಲಿದ್ದ ಚಿಹ್ನೆ ನೀಲಿಯ ಅಶೋಕ ಚಕ್ರ. 1950ರಲ್ಲಿ ಗಣರಾಜ್ಯವಾದಾಗ ಚಕ್ರ ಹೋಗಿ ಕೇಸರಿ, ಬಿಳಿ, ಹಸಿರಿನ ವರ್ತುಲ ಬಂತು. 1968ರಲ್ಲಿ ಲಿಬರೇಟರುಗಳು ನಿವೃತ್ತವಾದವು. ಕೆಲವು ಪರದೇಶಗಳ ಸಂಗ್ರಹಾಲಯಗಳಿಗೆ ಹೋದವು. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಸಂಗ್ರಹಾಲಯದ ಲಿಬರೇಟರ್ ಹಾಗೆ ಭಾರತದಿಂದ ಹೋದದ್ದೇ, ಆದರೆ ಅದರ ಮೈಮೇಲೆ ಬಳಿದಿರುವುದು ಅಮೆರಿಕದ ನಕ್ಷತ್ರ. ಇಪ್ಪತ್ತು ವರ್ಷದ ಭಾರತದ ಸೇವೆ ಬಣ್ಣದ ಕೆಳಗೆ ಮುಚ್ಚಿಹೋಗಿದೆ. ಅಂಗಡಿಯ ಪೆಟ್ಟಿಗೆಯಲ್ಲಿ ಸಿಗುವ ಲಿಬರೇಟರಿನ ಹಾಳೆಯಲ್ಲೂ ಸಾಮಾನ್ಯವಾಗಿ ಅಮೆರಿಕದ ನಕ್ಷತ್ರವೇ ಇರುತ್ತದೆ. ಮೇಜಿನ ಮೇಲಿನ ವಿಮಾನ ಯಾರದು, ಯಾವ ವರ್ಷದ್ದು ಎಂದು ಹೇಳುವುದು ಆ ಚಿಹ್ನೆಯೊಂದೇ. ಆದ್ದರಿಂದಲೇ ಭಾರತದ ಚಿಹ್ನೆಗಳಿರುವ ಒಂದು ಹಾಳೆ ಹವ್ಯಾಸಿಗೆ ಅಷ್ಟು ಅಮೂಲ್ಯ.

ಅಂಥ ಹಾಳೆಯೊಂದು ನಮ್ಮ ಬಳಿಯೂ ಇತ್ತು. ನಮ್ಮ ಸೋದರಮಾವನವರು ಬೆಂಗಳೂರಿನ ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗಲೆಲ್ಲ ಲಿಬರೇಟರಿನ ಕಥೆ ಕೇಳಿದ್ದೆವು. ನಾವು ಬಿ.ಎಸ್ಸಿ. ಪಾಸಾದಾಗ ಅವರು ಒಂದು ಲಿಬರೇಟರ್ ಕಿಟ್ಟನ್ನೂ, ಎಲ್ಲಿಂದಲೋ ಸಂಪಾದಿಸಿದ ಭಾರತೀಯ ಚಿಹ್ನೆಗಳ ಹಾಳೆಯನ್ನೂ ಕೊಟ್ಟರು. ‘ಪುರಸೊತ್ತಾದಾಗ ಕಟ್ಟೋ’ ಎಂದರು. ಕೆಲಸ ಸಿಕ್ಕಿ ಮುಂಬಯಿಗೆ ಬಂದೆವು. ಪುರಸೊತ್ತು ಬರಲಿಲ್ಲ. ಕಿಟ್ಟು ಅಟ್ಟದ ಮೇಲೆ ಹೋಯಿತು, ಹಾಳೆ ಸರ್ಟಿಫಿಕೇಟುಗಳ ಜೊತೆಗೆ ಮಂಚದ ಕೆಳಗಿನ ಟ್ರಂಕಿಗೆ ಹೋಯಿತು.

2005ರ ಜುಲೈ 26ರ ಮಳೆಯನ್ನು ಮುಂಬಯಿಯ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ನೆಲಮಹಡಿಯ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು. ಮೂರನೆಯ ದಿನ ಟ್ರಂಕು ತೆರೆದಾಗ ಡಿಕಾಲ್ ಹಾಳೆ ತಾನು ಮಾಡಬೇಕಾದ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಮುಗಿಸಿತ್ತು. ಚಿತ್ರಗಳೆಲ್ಲ ಕಾಗದ ಬಿಟ್ಟು ತೇಲಿ ಸಿಕ್ಕಸಿಕ್ಕಲ್ಲಿ ಅಂಟಿದ್ದವು. ಟ್ರಂಕಿನ ಗೋಡೆಯ ಮೇಲೆ ಮೂರು, ಮಡಿಸಿಟ್ಟ ರೇಷ್ಮೆ ಪಂಚೆಯ ಮೇಲೆ ಚೂರುಗಳು, ನಮ್ಮ ಪದವಿ ಪತ್ರದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಸರಿಯಾಗಿ ನಟ್ಟನಡುವೆ ಒಂದು ಪೂರ್ತಿ ವರ್ತುಲ. ನಮ್ಮ ಮನೆಯವರಿಗೆ ಆ ದುಃಖದಲ್ಲೂ ನಗು ಬಂತು. ಮಾವನವರು ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು, ಇನ್ನೊಂದು ಹಾಳೆ ಎಲ್ಲಿ ಸಿಗುತ್ತದೆಂದು ಕೇಳುವ ಹಾಗಿರಲಿಲ್ಲ.

ಬರಿದಾದ ಆ ಕಾಗದವನ್ನು ಎಸೆಯಲು ಕೈಗೆತ್ತಿಕೊಂಡಾಗ ಹಿಂಬದಿಯಲ್ಲಿ ಪೆನ್ಸಿಲಿನ ಗೆರೆ ಕಂಡಿತು. ಅದುವರೆಗೆ ನಾವು ಹಾಳೆಯನ್ನು ತಿರುಗಿಸಿ ನೋಡಿಯೇ ಇರಲಿಲ್ಲ. ಮಾವನವರ ದುಂಡನೆಯ ಅಕ್ಷರ: ‘ಕೇಸರಿ ಹೊರಗೆ, ಹಸಿರು ಒಳಗೆ. 1950ರಿಂದ ಈಚೆಗೆ ಮಾತ್ರ. ಅದಕ್ಕೆ ಮೊದಲು ಚಕ್ರ. ಮರೆಯಬೇಡ.’ ಟ್ರಂಕಿನಲ್ಲಿದ್ದ ಶಾಯಿಯ ಬರಹವೆಲ್ಲ ನೀಲಿ ನೀರಾಗಿತ್ತು. ಪೆನ್ಸಿಲಿನ ಸೀಸವೆನ್ನುವುದು ವಾಸ್ತವವಾಗಿ ಗ್ರಾಫೈಟ್, ಅದು ನೀರಿಗೆ ಕರಗುವುದಿಲ್ಲ. ಬಿ.ಎಸ್ಸಿ. ಮಾಡಿದ ನಾವು ಇದನ್ನು ಓದಿದ್ದೆವು, ಅವರು ತಿಳಿದಿದ್ದರು.

ಅಂದಿನಿಂದ ನಾವು ಡಿಕಾಲುಗಳನ್ನು ಕಚೇರಿಯ ಕಡತಗಳಂತೆ ಇಡುತ್ತಿದ್ದೇವೆ. ಆಸಕ್ತರಿಗೆ ಉಪಯೋಗವಾದೀತೆಂದು ಕ್ರಮವನ್ನು ತಿಳಿಸುತ್ತೇವೆ. ಒಂದು ಹಾಳೆಗೆ ಒಂದು ಲಕೋಟೆ. ಹಾಳೆಯ ಮುಖಕ್ಕೆ ಬಟರ್ ಪೇಪರ್, ಬೆನ್ನಿಗೆ ಗಟ್ಟಿ ರಟ್ಟು. ಒಂದರ ಮುಖ ಇನ್ನೊಂದರ ಮುಖಕ್ಕೆ ತಾಗಕೂಡದು. ಮೆತ್ತನೆಯ ಪಿ.ವಿ.ಸಿ. ಹೊದಿಕೆ ಬೇಡ, ಅದು ವಾರ್ನಿಷಿಗೆ ಅಂಟುತ್ತದೆ. ಲಕೋಟೆಗಳನ್ನು ಬಾಯಿ ಮುಚ್ಚುವ ಪಾಲಿಥಿನ್ ಚೀಲದಲ್ಲಿ ಹಾಕಿ, ಔಷಧಿ ಡಬ್ಬಿಯಲ್ಲಿ ಬರುವಂಥ ಸಿಲಿಕಾ ಜೆಲ್ಲಿನ ಪೊಟ್ಟಣ ಸೇರಿಸಿ, ಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿ ಮಲಗಿಸಿಡಬೇಕು, ನಿಲ್ಲಿಸಬಾರದು. ಮೊದಲು ಅಳತೆಯ ಪ್ರಕಾರ, ಆಮೇಲೆ ದೇಶದ ಪ್ರಕಾರ, ಆಮೇಲೆ ವಿಮಾನದ ಪ್ರಕಾರ ವಿಂಗಡಿಸಬೇಕು. ಕಿಟ್ಟಿನ ಸೂಚನಾಪತ್ರವನ್ನು ಹಾಳೆಯಿಂದ ಅಗಲಿಸಬಾರದು, ಯಾವ ಅಂಕೆ ಎಲ್ಲಿಗೆಂದು ಹೇಳುವುದು ಅದೇ. ಅರ್ಧ ಬಳಸಿದ ಹಾಳೆಯನ್ನೂ ಎಸೆಯಬಾರದು. ಪ್ರತಿ ಹಾಳೆಗೂ ಕ್ರಮಸಂಖ್ಯೆ, ರಿಜಿಸ್ಟರಿನಲ್ಲಿ ನಮೂದು, ಸ್ಕ್ಯಾನ್ ಮಾಡಿದ ಒಂದು ಪ್ರತಿ. ಮಳೆಗಾಲದಲ್ಲಿ ಕಪಾಟು ತೆರೆಯುವುದು ಆದಷ್ಟು ಕಡಿಮೆ.

ಹಳದಿಯಾದ ಹಾಳೆಯನ್ನು ಗಾಜಿನ ಕಿಟಕಿಗೆ ಅಂಟಿಸಿ ಕೆಲವು ದಿನ ಬಿಸಿಲು ಕಾಣಿಸಿದರೆ ಬಹುಮಟ್ಟಿಗೆ ಬೆಳ್ಳಗಾಗುತ್ತದೆ. ತೀರ ಹಳೆಯದಾದರೆ ಬೇಡದ ಒಂದು ಅಕ್ಷರವನ್ನು ಮೊದಲು ನೀರಿನಲ್ಲಿ ಹಾಕಿ ಪರೀಕ್ಷಿಸಬೇಕು. ಅದು ಚೂರಾದರೆ ಉಳಿದದ್ದಕ್ಕೆ ಪಾರದರ್ಶಕ ವಾರ್ನಿಷನ್ನು ತೆಳುವಾಗಿ ಹೊಡೆದು, ಒಣಗಿದ ಮೇಲೆ ಒಂದೊಂದಾಗಿ ಕತ್ತರಿಸಿ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ವಿಮಾನದ್ದು, ಯಾವ ವರ್ಷದ್ದು ಎಂದು ಲಕೋಟೆಯ ಮೇಲೆ ಬರೆಯಬೇಕು. ಪೆನ್ಸಿಲಿನಲ್ಲೇ ಬರೆಯಬೇಕು.

ಕಳೆದ ಬೇಸಿಗೆಯಲ್ಲಿ ಅಟ್ಟದಿಂದ ಆ ಲಿಬರೇಟರನ್ನು ಇಳಿಸಿ ಕಟ್ಟಿದೆವು. ಚಿಹ್ನೆಗಳನ್ನು ಕುಂಚದಿಂದಲೇ ಬರೆಯಬೇಕಾಯಿತು. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿರುವ ನಮ್ಮ ಮಗಳು ಮಾವನವರ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು, ನಾವು ಬಣ್ಣ ತುಂಬುತ್ತಿದ್ದೆವು. ಒಂದು ರೆಕ್ಕೆಯ ವರ್ತುಲದಲ್ಲಿ ಕೈತಪ್ಪಿ ಹಸಿರನ್ನು ಹೊರಗೆ ಬಳಿಯಲು ಹೊರಟಾಗ, ‘ಅಪ್ಪಾ, ಹಸಿರು ಒಳಗೆ ಅಂತ ಅಜ್ಜ ಬರೆದಿದಾರಲ್ಲ’ ಎಂದು ತಡೆದಳು. ಆ ಚೀಟಿಗೆ ಈಗ ಒಂದನೆಯ ಕ್ರಮಸಂಖ್ಯೆ. ಪದವಿ ಪತ್ರದ ಹೊದಿಕೆಯ ಮೇಲಿನ ವರ್ತುಲವನ್ನು ನಾವು ಕೀಳಲಿಲ್ಲ. ಅದರ ವರ್ಗಾವಣೆ ಅಲ್ಲಿಗೇ ಆಗಿದೆ, ಅಲ್ಲೇ ಇರಲಿ.