ಕಾಪಿ ಹೊಡೆಯೋ ಕೋಡಿನ ಕಥೆ

ಲೈಬ್ರರಿ ಕೈಪಿಡಿಯನ್ನ ನಾವ್ಯಾರೂ ಪೂರ್ತಿ ಓದಲ್ಲ. ಉದಾಹರಣೆ ಹುಡುಕಿ ಕಾಪಿ ಹೊಡೀತೀವಿ. ಹಾಗಾಗಿ ಅದರ ಚರಿತ್ರೆಯನ್ನೂ ಬರೆಯಬೇಕು ಅನ್ನೋದು ನನ್ನ ವಾದ.

ಎಸ್‌ಕ್ಯೂಎಲ್ ಇಂಜೆಕ್ಷನ್ ಅಪಾಯದ ಬಗ್ಗೆ 1998ರಲ್ಲೇ ‘ಫ್ರ್ಯಾಕ್’ ಪತ್ರಿಕೆ ಬರೆದಿತ್ತು. 2006ರಲ್ಲಿ ಪೈಥಾನ್ 2.5 ಜೊತೆ ‘ಎಸ್‌ಕ್ಯೂಲೈಟ್3’ ಬಂತು. ಅದರ ಹಳೆಯ ಕೈಪಿಡಿ ‘ಹೀಗೆ ಮಾಡಲೇಬೇಡಿ’ ಅಂತ ತಪ್ಪು ಕೋಡು ತೋರಿಸಿ, ಕೆಳಗೇ ಪ್ರಶ್ನೆ ಚಿಹ್ನೆ ಬಳಸುವ ಸರಿ ಕೋಡು ಕೊಟ್ಟಿತ್ತು. ಆದರೆ ಒಳಗಿದ್ದದ್ದು ಯಾವುದೋ ಕಂಪನಿಯ ಷೇರು ಸಂಕೇತ. ತಪ್ಪು ಕೋಡೂ ಸರಿ ಉತ್ತರವನ್ನೇ ಕೊಡ್ತಿತ್ತು!

ಈಚಿನ ಆವೃತ್ತಿಗಳಲ್ಲಿ ಆ ಜಾಗಕ್ಕೆ ಬಳಕೆದಾರ ಟೈಪ್ ಮಾಡಿದ್ದೇ ಬರುತ್ತೆ. ಒಂದು ಉದ್ಧರಣ ಚಿಹ್ನೆ, ಜೊತೆಗೆ ‘ಆರ್ ಟ್ರೂ’ ಅಂದರೆ ಸಾಕು, ಷರತ್ತು ಮುರಿದು ಟೇಬಲ್ಲಿನ ಸಾಲೆಲ್ಲಾ ಹೊರಗೆ. ಬೇಡ ಅಂದರೆ ಯಾರೂ ಕೇಳಲ್ಲ. ಮುರಿದು ತೋರಿಸಿದರೆ ಕೈ ತಾನಾಗೇ ನಿಲ್ಲುತ್ತೆ.