ಹಳೆಯ ಕಾರಿನ ಮೀಟರ್ ಬೆಳಕು ಮಂಕಾಗಿದೆಯೇ? ದೊಡ್ಡ ಬಲ್ಬ್ ಹಾಕುವ ಮೊದಲು ಇದನ್ನು ನೋಡಿ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಓದುಗರೊಬ್ಬರು ಕೇಳಿದ್ದಾರೆ: ಇಪ್ಪತ್ತು ವರ್ಷ ದಾಟಿದ ಕಾರು, ಹೆಡ್‌ಲೈಟ್ ಚೆನ್ನಾಗಿಯೇ ಇದೆ, ಆದರೆ ರಾತ್ರಿ ಹೊತ್ತು ಮೀಟರಿನ ಮುಳ್ಳುಗಳೇ ಕಾಣುವುದಿಲ್ಲ. ‘ಬ್ಯಾಟರಿ ವೀಕ್ ಆಗಿದೆ’ ಎಂದು ಒಬ್ಬರು ಹೇಳಿದರಂತೆ, ‘ಜಾಸ್ತಿ ವ್ಯಾಟಿನ ಬಲ್ಬ್ ಹಾಕಿಸು’ ಎಂದು ಇನ್ನೊಬ್ಬರು. ಈ ಎರಡೂ ಸಲಹೆಗಳನ್ನು ನಾವೂ ಬಹಳ ಸಲ ಕೇಳಿದ್ದೇವೆ. ಮೊದಲನೆಯದು ಸಾಮಾನ್ಯವಾಗಿ ತಪ್ಪು, ಎರಡನೆಯದು ಅಪಾಯ.

ಎಂಜಿನ್ ಓಡುವಾಗ ದೀಪಗಳಿಗೆ ವಿದ್ಯುತ್ ಕೊಡುವುದು ಮುಖ್ಯವಾಗಿ ಆಲ್ಟರ್ನೇಟರ್, ಸುಮಾರು 14 ವೋಲ್ಟ್. ಅಲ್ಲಿ ತೊಂದರೆ ಇದ್ದಿದ್ದರೆ ಹೆಡ್‌ಲೈಟೂ ಮಂಕಾಗಬೇಕಿತ್ತು. ಮೀಟರ್ ಒಂದೇ ಮಂಕಾಗಿದ್ದರೆ ಕಾರಣ ಡ್ಯಾಶ್‌ಬೋರ್ಡಿನ ಒಳಗೇ ಇದೆ.

ಇದನ್ನು ಸಣ್ಣ ವಿಷಯ ಎನ್ನುವಂತಿಲ್ಲ. ವೇಗವನ್ನಾದರೂ ಅಂದಾಜು ಮಾಡಬಹುದು. ಟೆಂಪರೇಚರ್ ಮುಳ್ಳು ಮೇಲೇರಿದ್ದು ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟ ಮೇಲೆಯೇ ಗೊತ್ತಾಗುವುದು!

ತಂತಿ ಕಾಯಿಸಿ ಬೆಳಕು ಕೊಡುವ ಹಳೆಯ ಬಲ್ಬಿಗೆ ಒಂದು ಗುಣವಿದೆ. ಅದಕ್ಕೆ ಸಿಗುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಶೇ 20 ಇಳಿದರೆ ಅರ್ಧಕ್ಕಿಂತ ಕಡಿಮೆ ಬೆಳಕು ಉಳಿಯುತ್ತದೆ. ಹೀಗಾಗಿ ಎಲ್ಲೋ ಒಂದು ಕನೆಕ್ಷನ್ನಿಗೆ ಕಿಲುಬು ಹಿಡಿದು ಒಂದೆರಡು ವೋಲ್ಟ್ ಸೋರಿದರೂ ಸಾಕು, ಮೀಟರ್ ಕತ್ತಲಾಗುತ್ತದೆ. ಹೆಚ್ಚಾಗಿ ಸೋರುವುದು ಅರ್ಥ್ ತಂತಿಯಲ್ಲಿ. ಲೈಟ್ ಹಾಕಿಟ್ಟು, ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಮೀಟರಿನ ಅರ್ಥ್ ತಂತಿಗೂ ಹಿಡಿಯಿರಿ. ಸೊನ್ನೆಗೆ ಹತ್ತಿರ ತೋರಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ತಂತಿಯ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಅದಕ್ಕೂ ಮೊದಲು ಇನ್ನೊಂದು ಮಾತು. ಕೆಲವು ಕಾರುಗಳಲ್ಲಿ ಮೀಟರ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ತಿರುಗಣೆ ಇರುತ್ತದೆ. ಒರೆಸುವಾಗ ಯಾರೋ ತಿರುಗಿಸಿಬಿಟ್ಟಿರಬಹುದು. ನಗಬೇಡಿ, ಇದು ನಿಜಕ್ಕೂ ಆಗುತ್ತದೆ. ಆ ತಿರುಗಣೆಯ ಒಳಗೂ ಧೂಳು ಕೂರುತ್ತದೆ. ನಾಲ್ಕೈದು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಎಷ್ಟೋ ಸಲ ಬೆಳಕು ಮರಳುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ ಮೀಟರ್ ಹೊರಗೆ ತೆಗೆಯಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರಿಗೆ ಹಿಂದಿನಿಂದ ಕೇಬಲ್ ಇರುತ್ತದೆ, ಅದನ್ನು ಬಿಡಿಸದೆ ಎಳೆಯಬೇಡಿ. ಬಲ್ಬ್ ಹೋಲ್ಡರುಗಳು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತವೆ. ಬಲ್ಬಿನ ಗಾಜು ಒಳಗೆ ಕಪ್ಪಾಗಿದ್ದರೆ, ಅದು ತಂತಿಯ ಟಂಗ್‌ಸ್ಟನ್ ಆವಿಯಾಗಿ ಅಂಟಿಕೊಂಡಿರುವುದು. ಎಷ್ಟು ಒರೆಸಿದರೂ ಹೋಗದು, ಬದಲಾಯಿಸಿ. ಹೋಲ್ಡರ್ ತಾಗುವ ತಾಮ್ರದ ಪಟ್ಟಿಯನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಉಪ್ಪುಕಾಗದ ಬೇಡ, ಪಟ್ಟಿ ಬಹಳ ತೆಳು. ಬಲ್ಬಿನ ಮೇಲೆ ಹಸಿರು ಅಥವಾ ನೀಲಿ ಟೋಪಿ ಇದ್ದರೆ ಅದು ಬಿಸಿಗೆ ಸುಟ್ಟು ಕಂದಾಗಿದೆಯೇ ನೋಡಿ. ಒಳಗಿನ ಬಿಳಿ ಗೋಡೆಯ ಮೇಲೆ ಕುಳಿತ ಧೂಳನ್ನೂ ಒರೆಸಿ, ಬೆಳಕನ್ನು ಮುಳ್ಳಿನ ಕಡೆ ತಿರುಗಿಸುವುದು ಅದೇ.

ದೊಡ್ಡ ಬಲ್ಬ್ ಯಾಕೆ ಬೇಡ? 3 ವ್ಯಾಟ್ ಇದ್ದಲ್ಲಿ 5 ವ್ಯಾಟ್ ಹಾಕಿದರೆ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬಿಸಿಯೂ ಅಷ್ಟೇ ಹೆಚ್ಚು. ಹೋಲ್ಡರ್ ಕರಗುತ್ತದೆ, ಡಯಲ್ ಸೊಟ್ಟಗಾಗುತ್ತದೆ. ಕಿಲುಬು ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ಲಿ ಸೋರುವ ವೋಲ್ಟೇಜೂ ಹೆಚ್ಚುತ್ತದೆ.

ಎಲ್‌ಇಡಿ ಹಾಕಬಹುದು, ಬಿಸಿ ಕಡಿಮೆ. ಉರಿಯದಿದ್ದರೆ ತಿರುಗಿಸಿ ಹಾಕಿ. ಅದಕ್ಕೆ ಪ್ಲಸ್, ಮೈನಸ್ ಭೇದವಿದೆ. ಹಳೆಯ ತಿರುಗಣೆಯಿಂದ ಅದರ ಬೆಳಕು ತಗ್ಗದಿರಬಹುದು. ಹಸಿರು ಟೋಪಿಯೊಳಗೆ ನೀಲಿ ಎಲ್‌ಇಡಿ ಇಟ್ಟರೆ ಮೊದಲಿಗಿಂತಲೂ ಮಂಕು. ಆದರೆ ಬ್ಯಾಟರಿ ಚಿತ್ರದ ಚಾರ್ಜಿಂಗ್ ದೀಪಕ್ಕೆ ಎಲ್‌ಇಡಿ ಹಾಕಲೇಬೇಡಿ. ಹಲವು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರುಮಾಡಲು ಬೇಕಾದ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. ಎಲ್‌ಇಡಿಯಲ್ಲಿ ಅಷ್ಟು ಕರೆಂಟ್ ಹರಿಯುವುದಿಲ್ಲ, ಬ್ಯಾಟರಿ ಚಾರ್ಜ್ ಆಗದೆ ಹೋಗಬಹುದು. ಆಗ ಮಾತ್ರ ‘ಬ್ಯಾಟರಿ ವೀಕ್’ ಎಂದವರ ಮಾತು ನಿಜವಾಗುತ್ತದೆ.

ಸರಿಯಾದ ಮೇಲೆ ಬೆಳಕನ್ನು ಪೂರ್ತಿ ಏರಿಸಿಡಬೇಡಿ. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20–30 ನಿಮಿಷ ಬೇಕು; ಮೀಟರ್ ಝಗಝಗಿಸಿದರೆ ಬೀದಿದೀಪವಿಲ್ಲದ ದಾರಿಯಲ್ಲಿ ಅಂಚಿನ ಎತ್ತಿನ ಗಾಡಿ ಕಾಣುವುದು ತಡವಾಗುತ್ತದೆ. ಮುಳ್ಳು ಮತ್ತು ಅಂಕಿ ಓದಲು ಬಂದರೆ ಅಷ್ಟು ಸಾಕು.